ಎರಡು ಸಲ ಎಣಿಸಿದ ಹುಡುಗಿ

ನಾರಿನ್ ಪಟ್ಟಣದ ವಿಶ್ವವಿದ್ಯಾಲಯದ ಮೂರನೇ ಮಹಡಿಯಲ್ಲಿ, ಮೆಟ್ಟಿಲಿನ ಪಕ್ಕದ ಕೋಣೆಯಲ್ಲಿ ಬುರುಲ್ ಹತ್ತು ವರ್ಷದಿಂದ ಸಂಶೋಧನಾ ಸಹಾಯಕಿ. ಹುದ್ದೆಯ ಹೆಸರು ಕೇಳಿ ಅವಳನ್ನು ವಿಜ್ಞಾನಿ ಎಂದುಕೊಂಡವರು ಒಂದು ದಿನ ಆ ಕೋಣೆಗೆ ಬಂದು ನೋಡಬೇಕು. ಬೀಗದ ಕೈಗೊಂಚಲು ಅವಳ ಹತ್ತಿರ, ಚಹಾದ ಕೆಟಲ್ ಅವಳ ಹತ್ತಿರ, ಪ್ರಿಂಟರ್ ಕೈಕೊಟ್ಟರೆ ಬೈಗುಳವೂ ಅವಳಿಗೇ. ಹಳ್ಳಿ ಹಳ್ಳಿ ಸುತ್ತಿ ಪ್ರಶ್ನೆ ಕೇಳುವವಳು ಅವಳು, ಮನೆನಾಯಿಗಳು ಬೆನ್ನು ಹತ್ತಿದರೆ ಓಡುವವಳು ಅವಳು, ಉತ್ತರಗಳನ್ನು ತಂದು ಕಂಪ್ಯೂಟರಿಗೆ ತುಂಬುವವಳೂ ಅವಳೇ. ವರದಿ ಅಚ್ಚಾದಾಗ ಮಾತ್ರ ಅವಳ ಹೆಸರು ಕೊನೆಯ ಪುಟದಲ್ಲಿ, 'ಸಹಕರಿಸಿದವರು' ಎಂಬಲ್ಲಿ, ಸಣ್ಣ ಅಕ್ಷರದಲ್ಲಿ. ಅದಕ್ಕೆ ಅವಳಿಗೆ ದೂರೇನೂ ಇಲ್ಲ.

ಅವಳ ಕಷ್ಟ ಬೇರೆ. ದಿನವಿಡೀ ಊರಿನವರನ್ನು 'ಹೌದೋ ಅಲ್ಲವೋ, ಎರಡರಲ್ಲಿ ಒಂದು ಹೇಳಿ' ಎಂದು ಕಾಡುವ ಈ ಹೆಂಗಸಿಗೆ ಒಂದು ಸಣ್ಣ ಪ್ರಶ್ನೆ ಕೇಳಿದರೆ ಸಾಕು, ಬಾಯಿ ಕಟ್ಟಿಬಿಡುತ್ತಿತ್ತು. ನಿನ್ನ ತಾಯಿ ಯಾರು?

ಕೋಕ್‌ಜಾರ್ ಹಳ್ಳಿಯ ಮುಕಾಶ್‌ಗೂ ಅನಾರ್‌ಕುಲ್‌ಗೂ ಹುಟ್ಟಿದ ಮೊದಲ ಮಗು ಅವಳು. ಚೊಚ್ಚಲ ಕೂಸು ಗಂಡನ ತಂದೆತಾಯಿಗೆ ಸೇರಿದ್ದು. ಆ ಕಡೆ ಇದನ್ನು ಯಾರೂ ಚರ್ಚೆಗೆ ತರುವುದಿಲ್ಲ. ನಲವತ್ತು ದಿನ ತುಂಬಿದ್ದೇ ತಡ, ಮುಕಾಶ್‌ನ ತಾಯಿ ಬಾತ್ಮಾ ಬಂದು ತೊಟ್ಟಿಲಿನ ಸಮೇತ ಮಗುವನ್ನು ತನ್ನ ಕೋಣೆಗೆ ಒಯ್ದಳು. ಒಯ್ದದ್ದಾದರೂ ಎಷ್ಟು ದೂರ? ಅಂಗಳದ ಆಚೆ ಬದಿಗೆ, ಹದಿನೆಂಟು ಹೆಜ್ಜೆ. ಇಪ್ಪತ್ತೊಂದರ ಹರೆಯದ ಅನಾರ್‌ಕುಲ್ ದಿನಕ್ಕೆ ಆರು ಸಲ ಆ ಹದಿನೆಂಟು ಹೆಜ್ಜೆ ನಡೆದು ಹೋಗಿ ಹಾಲೂಡಿಸಿ, ಬರಿಗೈಯಲ್ಲಿ ವಾಪಸು ಬರುತ್ತಿದ್ದಳು.

ಹೀಗೆ ಅಜ್ಜಿ ಬಾತ್ಮಾ 'ಅಮ್ಮ' ಆದಳು, ಹೆತ್ತವಳು 'ಅತ್ತಿಗೆ' ಆದಳು, ಹುಟ್ಟಿಸಿದವನು 'ಅಣ್ಣ' ಆದ. ಆಮೇಲೆ ಹುಟ್ಟಿದ ನಾಲ್ವರಿಗೆ ಅವಳು ಅಕ್ಕನೋ ಸೋದರತ್ತೆಯೋ ಎಂದು ಕೇಳಿದರೆ ಅವರೂ ತಲೆ ಕೆರೆದುಕೊಳ್ಳುತ್ತಾರೆ. ಇಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಹಳೆಯ ಕಟ್ಟಿನ ಮನೆಗಳಲ್ಲಿ ಸೊಸೆಯಾದವಳು ಗಂಡನ ಕಡೆಯವರ ಹೆಸರನ್ನು ಬಾಯಲ್ಲಿ ಆಡುವಂತಿಲ್ಲ. ಮಾವನ ಹೆಸರು 'ಕಲ್ಲು' ಎಂದಿದ್ದರೆ ಅವಳು ಕಲ್ಲಿಗೂ ಬೇರೆ ಮಾತು ಹುಡುಕಬೇಕು. ಈಗ ಕೂಸು ನಾದಿನಿಯ ಗದ್ದುಗೆ ಏರಿತಲ್ಲ, ಅದರ ಹೆಸರೂ ಬಾಯಿಂದ ಹೋಯಿತು. ಸೊಸೆಯರು ಮಾಡುವ ಹಾಗೆ ಅನಾರ್‌ಕುಲ್ ಒಂದು ಅಡ್ಡಹೆಸರು ಇಟ್ಟುಕೊಂಡಳು: ಮುದ್ದು ಹುಡುಗಿ. ಮೂವತ್ತೊಂದು ವರ್ಷದಲ್ಲಿ ಆಕೆ ತನ್ನ ಮಗಳನ್ನು 'ಬುರುಲ್' ಎಂದು ಒಂದು ಸಲವೂ ಕರೆದವಳಲ್ಲ.

ಏಳನೇ ವಯಸ್ಸಿನಲ್ಲಿ ಶಾಲೆಯ ಗೆಳತಿಯೊಬ್ಬಳು ಈ ಗುಟ್ಟನ್ನು ಹೇಳಿದಳು. ಗುಟ್ಟೇನು ಬಂತು, ಊರಿಗೆಲ್ಲ ಗೊತ್ತಿದ್ದದ್ದೇ. ಬುರುಲ್ ಓಡಿಬಂದು ಬಾತ್ಮಾಳನ್ನು ಹಿಡಿದುಕೊಂಡಳು.

"ಅಮ್ಮ, ನನ್ನ ಹೆತ್ತಿದ್ದು ಅತ್ತಿಗೆಯಂತೆ, ನಿಜಾನಾ?"

"ಹೌದು. ಹೆತ್ತಿದ್ದು ಅವಳು, ತಾಯಿ ನಾನು. ಹೋಗು, ಕರು ಬಿಡು, ಹಾಲು ಕರೀಬೇಕು."

ಅಷ್ಟೇ. ಬಾತ್ಮಾಳ ಪಾಲಿಗೆ ಆ ಮಾತು ಅಲ್ಲಿಗೆ ಮುಗಿಯಿತು. ಬುರುಲ್‌ಗೆ ಅಲ್ಲಿಂದಲೇ ಶುರುವಾಯಿತು. ಅಂದಿನಿಂದ ಅವಳು ಅತ್ತಿಗೆಯನ್ನು ಕದ್ದು ನೋಡತೊಡಗಿದಳು. ಅತ್ತಿಗೆ ತನ್ನ ನಾಲ್ಕು ಮಕ್ಕಳ ಮೇಲೆ ಕೂಗಾಡುತ್ತಿದ್ದಳು, ಕಿವಿ ಹಿಂಡುತ್ತಿದ್ದಳು, ಬೆನ್ನಿಗೊಂದು ಗುದ್ದಿ ಮರುಕ್ಷಣ ತಬ್ಬಿಕೊಳ್ಳುತ್ತಿದ್ದಳು. ಬುರುಲ್‌ಗೆ ಮಾತ್ರ ಬಟ್ಟಲಿನಲ್ಲಿ ಮೊದಲ ಚಹಾ, ಕೆನೆಯ ದೊಡ್ಡ ಪಾಲು, ನಾದಿನಿಗೆ ಸಲ್ಲುವ ಮರ್ಯಾದೆ. ಹೆತ್ತವಳಿಂದ ಬರೀ ಮರ್ಯಾದೆ ಸಿಗುವುದೆಂದರೆ ಎಂಥ ಹಿಂಸೆ ಎಂದು ಅನುಭವಿಸಿದವರಿಗೇ ಗೊತ್ತು. ಒಂದು ಏಟನ್ನಾದರೂ ಕೊಡಬಾರದೇ ಎಂದು ಅವಳು ಬೇಕೆಂದೇ ಒಮ್ಮೆ ಮೊಸರಿನ ಗಡಿಗೆ ಬೀಳಿಸಿ ಒಡೆದಿದ್ದಳು. ಅತ್ತಿಗೆ ನೆಲ ಒರೆಸಿ, "ಕಾಲಿಗೆ ಚುಚ್ಚಿತಾ ಮುದ್ದು ಹುಡುಗಿ?" ಎಂದು ಕೇಳಿ ಹೋಗಿಬಿಟ್ಟಳು.

ಪಟ್ಟಣಕ್ಕೆ ಬಂದು ಕೆಲಸಕ್ಕೆ ಸೇರಿದ ಮೇಲೂ ಅದೇ ಕಥೆ. ಭಾನುವಾರ ಮನೆಗೆ ಫೋನ್ ಮಾಡಿದರೆ ಎತ್ತುವವಳು ಅತ್ತಿಗೆ. "ಚೆನ್ನಾಗಿದ್ದೀಯಾ? ಇರು, ಅಮ್ಮನಿಗೆ ಕೊಡ್ತೀನಿ." ಹತ್ತು ವರ್ಷದಿಂದ ಇಷ್ಟೇ ಮಾತು. ಅತ್ತಿಗೆಯ ಲೆಕ್ಕದಲ್ಲಿ ತಾನಿದ್ದೇನೆಯೋ ಇಲ್ಲವೋ ಎಂದು ಕೇಳುವ ಧೈರ್ಯ ಬುರುಲ್‌ಗೆ ಬರಲಿಲ್ಲ.

ಈಗ ಸಮೀಕ್ಷೆಯ ವಿಷಯ. ವಿಭಾಗದ ಮುಖ್ಯಸ್ಥ ಕೆರಿಮ್‌ಬೇಕ್ ಅಗಾಯ್ ಆ ವರ್ಷ ಮೂರು ಹಳ್ಳಿಗಳ ಮಕ್ಕಳ ಎಣಿಕೆ ಹಿಡಿದಿದ್ದರು. ಆ ಕಡೆ ಮೇಷ್ಟರನ್ನು ಅಗಾಯ್ ಎಂದೇ ಕರೆಯುವುದು. ಪ್ರತಿ ಮನೆಯ ಪ್ರತಿ ಹೆಂಗಸನ್ನೂ ಕೇಳಬೇಕು: ನಿಮಗೆ ಎಷ್ಟು ಮಕ್ಕಳು, ಹೆಸರೇನು, ವಯಸ್ಸೆಷ್ಟು. ಬೆಳೆದವರು, ಬೇರೆ ಊರಲ್ಲಿರುವವರು ಎಲ್ಲರೂ ಸೇರಿ. ಬುರುಲ್ ಮತ್ತು ಅವಳ ಜೊತೆಯ ಸಹಾಯಕಿ ಕುಂದುಜ್ ಎರಡು ತಿಂಗಳು ತಿರುಗಿ ನಾನೂರ ಹನ್ನೆರಡು ಮನೆ ಮುಗಿಸಿದರು. ಮೂರರಲ್ಲಿ ಒಂದು ಹಳ್ಳಿ ಕೋಕ್‌ಜಾರ್. ಸ್ವಂತ ಮನೆಯನ್ನು ತಾನೇ ಪ್ರಶ್ನಿಸಬಾರದೆಂಬ ನಿಯಮ ಇದ್ದುದರಿಂದ ಬುರುಲ್‌ಳ ಮನೆಗೆ ಕುಂದುಜ್ ಹೋದಳು. ಆ ಫಾರಂ ಅನ್ನು ಕಂಪ್ಯೂಟರಿಗೆ ತುಂಬಿದವಳೂ ಕುಂದುಜ್‌ಳೇ.

ವರದಿ ರಾಜಧಾನಿಗೆ ಹೋಯಿತು. ಮೂರು ವಾರಕ್ಕೆ ಅಲ್ಲಿಂದ ಕಾಗದ ಬಂತು. ಕೆರಿಮ್‌ಬೇಕ್ ಅಗಾಯ್ ಅದನ್ನು ಹಿಡಿದುಕೊಂಡು ಸಹಾಯಕಿಯರ ಕೋಣೆಗೆ ನುಗ್ಗಿದರು. ಸಾಮಾನ್ಯವಾಗಿ ಅವರು ಬಾಗಿಲು ತಟ್ಟಿ ಬರುವ ಮನುಷ್ಯ.

"ಕೇಳಿ, ಓದ್ತೀನಿ. 'ನಿಮ್ಮ ಮೂರು ಹಳ್ಳಿಗಳಲ್ಲಿ ಮೂವತ್ತೇಳು ಹೆಂಗಸರು ನಲವತ್ತೈದು ದಾಟಿದ ಮೇಲೆ ಹೆತ್ತಿದ್ದಾರೆ. ಒಬ್ಬರು ಅರವತ್ತೊಂದನೇ ವಯಸ್ಸಿನಲ್ಲಿ. ಇದಕ್ಕೆ ವಿವರಣೆ ಕೊಡಿ.' ಏನ್ರೇ ಇದು? ನಿಜ ಹೇಳಿ, ಹಳ್ಳಿಗೆ ಹೋಗಿದ್ರಾ, ಇಲ್ಲಾ ಇಲ್ಲೇ ಚಹಾ ಹೀರ್ಕೊಂಡು ಕೂತು ತುಂಬಿದ್ರಾ?"

"ನಾಯಿ ಕಚ್ಚಿದ ಗಾಯ ತೋರಿಸ್ಲಾ ಅಗಾಯ್?" ಎಂದಳು ಕುಂದುಜ್.

"ಗಾಯ ಇರ್ಲಿ. ಈ ಅರವತ್ತೊಂದರ ಬಾಣಂತಿ ಯಾರು, ಅದನ್ನ ತೋರ್ಸು."

ಬುರುಲ್ ಫಾರಂ ಹುಡುಕಿ ತೆಗೆದಳು. ಅಗಾಯ್ ಹೆಸರು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. "ಇದು ನಮ್ಮ ಚಿಕ್ಕಮ್ಮ ಕಣೇ! ಅವಳಿಗೆಲ್ಲಿ ಅರವತ್ತೊಂದಕ್ಕೆ ಗಂಡುಮಗು... ಓ. ಅದು ಅವಳ ಮಗನ ಮಗ." ಎಂದು ಕುರ್ಚಿಯಲ್ಲಿ ಕುಸಿದರು. ಆಮೇಲೆ ಮೂವರೂ ನಕ್ಕರು.

ಆಗಿದ್ದು ಇಷ್ಟು. ಎಷ್ಟು ಮಕ್ಕಳೆಂದು ಅಜ್ಜಿಯನ್ನು ಕೇಳಿದಾಗ ಸಾಕಿದ ಮೊಮ್ಮಗುವನ್ನೂ ಸೇರಿಸಿ ಹೇಳಿದ್ದಳು. ಸೊಸೆಯನ್ನು ಕೇಳಿದಾಗ ಅವಳು ಹೆತ್ತದ್ದನ್ನೆಲ್ಲ ಹೇಳಿದ್ದಳು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಬರೆದುಕೊಂಡ ಇಬ್ಬರು ಹುಡುಗಿಯರಿಗೂ, ವರದಿ ಓದಿ ಸಹಿ ಹಾಕಿದ ಅಗಾಯ್‌ಗೂ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ರಾಜಧಾನಿಯಲ್ಲಿ ಕಾಗದ ಬರೆದ ಅಧಿಕಾರಿಯ ಅಜ್ಜಿಯೂ ಯಾವುದೋ ಮೊಮ್ಮಗನನ್ನು ಮಗನೆಂದೇ ಸಾಕಿರುತ್ತಾಳೆ. ಆದರೆ ಕಂಪ್ಯೂಟರ್ ಮುಂದೆ ಕೂತಾಗ ಯಾರಿಗೆ ಅಜ್ಜಿ ನೆನಪಾಗುತ್ತಾಳೆ?

ನಗು ಮುಗಿದ ಮೇಲೆ ಅಗಾಯ್ ಕಾಗದದ ಕೊನೆಯ ಭಾಗ ಓದಿದರು. ಹೆತ್ತವಳ ಪಟ್ಟಿಯಲ್ಲಿ ಮಗುವಿನ ಸಾಲು ಉಳಿಯಬೇಕು, ಸಾಕಿದವಳ ಪಟ್ಟಿಯಿಂದ ಅಳಿಸಬೇಕು. ಮತ್ತೊಂದು: ಹನ್ನೊಂದು ಕಡೆ ಹೆಸರಿಲ್ಲದ ಸಾಲುಗಳಿವೆ. ಹೆಸರಿಲ್ಲದ ಸಾಲು ನಡೆಯುವುದಿಲ್ಲ. ಆ ಹೆಂಗಸಿನ ಬಾಯಿಂದಲೇ ಕೇಳಿ ಬರೆಯಬೇಕು, ಇಲ್ಲವಾದರೆ ಅದನ್ನೂ ಅಳಿಸಬೇಕು.

"ಹೆಸರು ಹೇಳದವರು ಯಾರು?" ಎಂದರು ಅಗಾಯ್.

"ಸೊಸೆಯರು," ಎಂದಳು ಕುಂದುಜ್. ಹೇಳಿದವಳೇ ಬುರುಲ್‌ಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಅಗಾಯ್ ಹೋದ ಮೇಲೆ ಬುರುಲ್ ಕೋಕ್‌ಜಾರ್‌ನ ಕಟ್ಟು ಬಿಚ್ಚಿದಳು. ತನ್ನ ಮನೆಯ ಫಾರಂ ಸಿಕ್ಕಿತು. ತೆರೆಯಬೇಕೋ ಬೇಡವೋ ತಿಳಿಯದೆ ಅದರ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ನಾಲ್ಕು ಎಂದು ಬರೆದಿದ್ದರೆ? ಮೂವತ್ತೊಂದು ವರ್ಷ ಗೊತ್ತಿಲ್ಲದೆ ಬದುಕಿದ್ದಾಯಿತು, ಇನ್ನೂ ಹಾಗೆಯೇ ಬದುಕಬಹುದಲ್ಲ ಎಂದೂ ಅನ್ನಿಸಿತು. ಕೊನೆಗೆ ತೆರೆದಳು.

ಬಾತ್ಮಾ, ಎಪ್ಪತ್ತೊಂಬತ್ತು. ಮಕ್ಕಳು ಐದು. ಕೊನೆಯ ಹೆಸರು ಬುರುಲ್, ಮೂವತ್ತೊಂದು.

ಅನಾರ್‌ಕುಲ್, ಐವತ್ತೆರಡು. ಮಕ್ಕಳು ಐದು. ಮೊದಲ ಸಾಲಿನಲ್ಲಿ ಹೆಣ್ಣು, ಮೂವತ್ತೊಂದು. ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕುಂದುಜ್‌ಳ ಟಿಪ್ಪಣಿ: 'ಹೆಸರು ಹೇಳಲಿಲ್ಲ. ಕೇಳಿದರೆ ನಗುತ್ತಾರೆ.'

ಬುರುಲ್ ಆ ಸಾಲನ್ನು ಮತ್ತೆ ಓದಿದಳು. ಎಣಿಸಿದ್ದಾಳೆ! ಅದೂ ಮೊದಲನೆಯದಾಗಿ. ಸಂತೋಷ ಉಕ್ಕಿ ಬಂತು. ಬಂದಷ್ಟೇ ಬೇಗ ಇಳಿದೂ ಹೋಯಿತು. ನಿಯಮದ ಪ್ರಕಾರ ಬಾತ್ಮಾಳ ಪಟ್ಟಿಯಿಂದ ಅವಳು ಹೋಗಬೇಕು, ಏಕೆಂದರೆ ಬಾತ್ಮಾ ಹೆತ್ತವಳಲ್ಲ. ಅನಾರ್‌ಕುಲ್‌ಳ ಪಟ್ಟಿಯಿಂದಲೂ ಹೋಗಬೇಕು, ಏಕೆಂದರೆ ಅಲ್ಲಿ ಹೆಸರಿಲ್ಲ. ಇಬ್ಬರು ತಾಯಂದಿರಿದ್ದವಳಿಗೆ ಈಗ ಒಬ್ಬಳೂ ಇಲ್ಲದ ಹಾಗೆ ಆಗುವುದರಲ್ಲಿತ್ತು. ಅಳಿಸಬೇಕಾದವಳೂ ಅವಳೇ.

"ನೀನು ಹೋಗಿ ಕೇಳ್ಕೊಂಡು ಬಾರೇ," ಎಂದು ಕುಂದುಜ್‌ಳನ್ನು ಗೋಗರೆದಳು.

"ನಾನೊಂದು ಸಲ ಕೇಳಿದ್ದೀನಿ, ನಗ್ತಾರೆ. ಎರಡನೇ ಸಲ ಹೋದ್ರೆ ಊಟ ಹಾಕಿ ಕಳಿಸ್ತಾರೆ, ಹೆಸರು ಹೇಳಲ್ಲ. ನಿಮ್ಮನೆ ಗಂಟು ನೀನೇ ಬಿಚ್ಕೋ ತಾಯಿ."

ಆ ವಾರ ಬುರುಲ್ ಉಳಿದ ಹತ್ತು ಮನೆಗಳನ್ನು ಮುಗಿಸಿದಳು. ಹೆಂಗಸರು ಸುಲಭವಾಗಿ ಬಾಯಿ ಬಿಡಲಿಲ್ಲ. ಒಬ್ಬಳು ಅವಳನ್ನು ಕೊಟ್ಟಿಗೆಗೆ ಎಳೆದೊಯ್ದು, ಹಿಂದೆ ಮುಂದೆ ನೋಡಿ, ಕಿವಿಯಲ್ಲಿ ಮಗನ ಹೆಸರು ಉಸುರಿದಳು, ಉಸುರಿದ ಮೇಲೆ ತಾನೇ ಬೆಚ್ಚಿ, "ಇನ್ನೊಂದ್ಸಲ ಹೇಳ್ಲಾ?" ಎಂದು ಕೇಳಿದಳು. ಬುರುಲ್ ಹೂಂ ಎಂದಳು. ಆಕೆ ಮೂರು ಸಲ ಹೇಳಿದಳು.

ಶನಿವಾರ ಮಧ್ಯಾಹ್ನ, ಬಾಡಿಗೆ ಕಾರಿನಲ್ಲಿ ಎರಡು ಗಂಟೆ ಕುಲುಕಿಸಿಕೊಂಡು ಮನೆಗೆ ಬಂದಳು. ಬಾತ್ಮಾ ಕಿಟಕಿಯ ಕೆಳಗೆ ಹಾಸಿದ ದಪ್ಪ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅನಾರ್‌ಕುಲ್ ತಗ್ಗು ಮೇಜಿನ ಮುಂದೆ ಹಿಟ್ಟು ಲಟ್ಟಿಸುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಹೆಚ್ಚಿದ ಕುಂಬಳ, ಆಲೂಗಡ್ಡೆ, ಕುರಿಕೊಬ್ಬು. ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವ ಒರೊಮೊ, ಬುರುಲ್‌ಗೆ ಇಷ್ಟವೆಂದು.

"ಬಂದ್ಯಾ? ಸೊರಗಿ ಕಡ್ಡಿಯಾಗಿದ್ದೀಯ," ಎಂದಳು ಬಾತ್ಮಾ. "ಆ ಯೂನಿವರ್ಸಿಟಿಯೋರು ನಿಂಗೆ ಕಾಗದಾನೇ ತಿನ್ನಿಸ್ತಾರಾ?"

ಬುರುಲ್ ಚಹಾ ಕುಡಿದಳು. ಎರಡನೆಯದನ್ನೂ ಕುಡಿದಳು. ಆಮೇಲೆ ಚೀಲದಿಂದ ಫಾರಂ ತೆಗೆದು ಮೊಣಕಾಲ ಮೇಲಿಟ್ಟುಕೊಂಡಳು.

"ಅತ್ತಿಗೆ, ಒಂದು ಕೇಳ್ಬೇಕಿತ್ತು. ಆಫೀಸಿನ ಕೆಲಸ. ಕುಂದುಜ್ ಬಂದಾಗ ಐದು ಮಕ್ಕಳು ಅಂತ ಹೇಳಿದ್ರಂತೆ. ನಾಲ್ಕು ಹೆಸರು ಇದೆ. ಮೊದಲನೇದು... ಅದರ ಹೆಸರಿಲ್ಲ."

ಲಟ್ಟಣಿಗೆ ನಿಂತಿತು. ಅನಾರ್‌ಕುಲ್ ತಲೆ ಎತ್ತಲಿಲ್ಲ. "ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತಿದ್ರೆ ಆಗಲ್ವಂತೆ. ನೀವೇ ಹೇಳ್ಬೇಕು. ಇಲ್ದಿದ್ರೆ ಅಳಿಸ್ಬೇಕು."

"ಏನದು ಅಳಿಸೋದು?" ಎಂದು ಬಾತ್ಮಾ ನೆಟ್ಟಗಾದಳು.

ಬುರುಲ್ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ನಾಚಿಕೆಯಾಯಿತು. ಮಗು ಹೆತ್ತವಳ ಪಟ್ಟಿಯಲ್ಲಿ ಮಾತ್ರ ಇರಬೇಕಂತೆ ಅಮ್ಮ, ನಿನ್ನ ಪಟ್ಟಿಯಿಂದ ನಾನು ಹೋಗುತ್ತೇನೆ ಎಂದಳು.

"ಯಾವನವನು ನನ್ನ ಮಕ್ಕಳಲ್ಲಿ ಒಂದು ಕಮ್ಮಿ ಮಾಡೋನು?" ಮುದುಕಿಯ ಧ್ವನಿ ಅಂಗಳ ದಾಟಿತು. "ನಿಂಗೆ ದಡಾರ ಬಂದು ಹದಿನಾಲ್ಕು ದಿನ ತೊಡೆ ಮೇಲಿಂದ ಇಳಿಸ್ಲಿಲ್ಲ ನಾನು. ಆಗ ಎಲ್ಲಿ ಹೋಗಿದ್ರು ಈ ರಾಜಧಾನಿಯೋರು? ಪೆನ್ನು ಹಿಡ್ಕೊಂಡು ಬಂದಿದ್ರಾ?" ಎಂದು ಬೈದು ದಣಿದಳು. ಆಮೇಲೆ ಕೇಳಿದಳು. "ಇವಳು ಹೆಸರು ಹೇಳದಿದ್ರೆ?"

"ಇಲ್ಲಿಂದಾನೂ ಹೋಗ್ತೀನಿ."

"ಅಂದ್ರೆ ಯಾರ ಮಗಳೂ ಅಲ್ಲ."

"ಕಾಗದದಲ್ಲಿ ಅಮ್ಮ. ಬರೀ ಕಾಗದದಲ್ಲಿ," ಎಂದಳು ಬುರುಲ್.

ಬಾತ್ಮಾ ಸೊಸೆಯ ಕಡೆ ತಿರುಗಿದಳು. "ಹೇಳೇ. ನಾನೇ ಹೇಳ್ತಿದ್ದೀನಲ್ಲ, ಹೇಳು. ದೋಷ ಬಂದ್ರೆ ನಂಗೆ ಬರ್ಲಿ, ನಾನು ಹೆಂಗೂ ಹೋಗೋಳು."

ಅನಾರ್‌ಕುಲ್ ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟಳು. ಬಾಯಿ ತೆರೆದಳು. ತುಟಿಗಳು ಆ ಹೆಸರಿಗೆ ಕೂಡಿಕೊಂಡದ್ದನ್ನು ಬುರುಲ್ ಕಣ್ಣಾರೆ ಕಂಡಳು. ಶಬ್ದ ಬರಲಿಲ್ಲ. ಮತ್ತೊಮ್ಮೆ ಯತ್ನಿಸಿದಳು, ಈ ಸಲ ನಗು ಬಂತು, ನಗುವಿನ ಹಿಂದೆಯೇ ಅಳು. "ಆಗಲ್ಲ ಅತ್ತೆ. ನಾಲಿಗೆ ಹೊರಳ್ತಾನೇ ಇಲ್ಲ." ಎಂದು ಸೆರಗಿನಂತೆ ಹೊದ್ದ ಚೌಕದ ತುದಿಯಲ್ಲಿ ಮುಖ ಮುಚ್ಚಿಕೊಂಡಳು.

ಬುರುಲ್‌ಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ಹಾಗಿದ್ರೆ ಐದು ಅಂತ ಯಾಕೆ ಹೇಳಿದ್ರಿ? ಇಷ್ಟು ವರ್ಷ ಒಬ್ಬರ ಹತ್ರಾನೂ ಹೇಳಿಲ್ಲ."

"ಆ ಹುಡುಗಿ ಕೇಳಿದ್ಲು," ಎಂದಳು ಅನಾರ್‌ಕುಲ್ ಬಟ್ಟೆಯೊಳಗಿಂದಲೇ. "ನಿಮಗೆಷ್ಟು ಮಕ್ಕಳು ಅಂತ. ನನ್ನ ಅದುವರೆಗೂ ಯಾರೂ ಕೇಳಿರ್ಲಿಲ್ಲ."

ಒಲೆಯ ಮೇಲೆ ಹಬೆಪಾತ್ರೆಯ ನೀರು ಕುದಿಯುತ್ತಿತ್ತು. ಅನಾರ್‌ಕುಲ್ ಮುಖ ಒರೆಸಿಕೊಂಡು ಫಾರಂ ಮೇಲೆ ಬಾಗಿದಳು. ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ಹಿಟ್ಟು ಅಂಟಿತು.

"ಮುದ್ದು ಹುಡುಗಿ ಅಂತ ಬರ್ಕೋ. ಆ ಇನ್ನೊಂದು ಹೆಸರು ಅತ್ತೆ ಇಟ್ಟಿದ್ದು. ನಾನು ಇಟ್ಟಿದ್ದು ಇದೊಂದೇ."

ಬುರುಲ್ ಬರೆದುಕೊಂಡಳು. ಅಕ್ಷರ ಸೊಟ್ಟಗಾಯಿತು. ಆಮೇಲೆ ಮೂವರೂ ಒರೊಮೊ ತಿಂದರು. ಕೊಬ್ಬು ಕಮ್ಮಿಯಾಯಿತೆಂದು ಬಾತ್ಮಾ ಎಂದಿನಂತೆ ತಕರಾರು ತೆಗೆದಳು.

ಸೋಮವಾರ ಬುರುಲ್ ಅಳಿಸಲು ಕೂತಳು. ಮೂವತ್ತೇಳು ಅಜ್ಜಿಯರು. ಒಂದೊಂದೇ ಸಾಲು ಹುಡುಕಿ, ಹೆತ್ತವಳ ಪಟ್ಟಿಯೊಡನೆ ಹೋಲಿಸಿ, ಅಳಿಸುತ್ತ ಬಂದಳು. ಮೂವತ್ತಾರು ಆಯಿತು. ಮೂವತ್ತೇಳನೆಯದು ಬಾತ್ಮಾ. ಬುರುಲ್ ಕೈ ಎತ್ತಿದಳು, ಇಳಿಸಿದಳು, ಚಹಾ ಮಾಡಿಕೊಂಡು ಬಂದಳು, ಮತ್ತೆ ಕೂತಳು. ಹೆತ್ತದ್ದು ಯಾರೆಂದು ಅವಳಿಗೆ ಗೊತ್ತು. ಈಗ ಅದಕ್ಕೆ ಹೆಸರೂ ಇದೆ. ಆದರೂ ದಡಾರದ ಹದಿನಾಲ್ಕು ದಿನ ಅಡ್ಡ ಬಂತು. ಅಳಿಸಿದರೆ ಕೃತಘ್ನತೆ, ಅಳಿಸದಿದ್ದರೆ ಕಳ್ಳಲೆಕ್ಕ. ಕೆಲಸಕ್ಕೆ ಸೇರಿದ ಮೇಲೆ ಒಂದು ಅಂಕಿಯನ್ನೂ ಅವಳು ಬೇಕೆಂದು ತಪ್ಪು ಬರೆದಿರಲಿಲ್ಲ. ಮಧ್ಯಾಹ್ನದವರೆಗೂ ಒದ್ದಾಡಿ ಕೊನೆಗೆ ಫಾರಂನ ಎರಡೂ ಹಾಳೆ ಹಿಡಿದು ಅಗಾಯ್ ಕೋಣೆಗೆ ಹೋದಳು.

"ಮೂವತ್ತಾರು ಆಯ್ತು. ಇದೊಂದು ಉಳೀತು ಅಗಾಯ್. ನನ್ನ ಕೈಲಿ ಆಗ್ಲಿಲ್ಲ. ನೀವೇ ಅಳಿಸಿ."

ಅಗಾಯ್ ಫಾರಂ ನೋಡಿದರು. "ಮುದ್ದು ಹುಡುಗಿ? ಇದೆಂಥಾ ಹೆಸರು? ಯಾರಿದು?"

"ನಾನು."

ಅವರು ಕನ್ನಡಕ ತೆಗೆದರು. ಒಂದು ಹಾಳೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಬುರುಲ್‌ಳ ಮುಖಕ್ಕೆ ನೋಡಿದರು. ಅನಾರ್‌ಕುಲ್‌ಳ ಹಾಳೆಯ ಮೇಲಿನ ಹಿಟ್ಟಿನ ಗುರುತನ್ನು ಉಗುರಿನಿಂದ ಕೆರೆಯಲು ಹೋಗಿ ಬಿಟ್ಟರು. ಆಮೇಲೆ ಕಂಪ್ಯೂಟರಿನಲ್ಲಿ ಏನೋ ಲೆಕ್ಕ ಹಾಕಿದರು.

"ಅಳಿಸಿದ್ರೂ ಸರಾಸರಿ ಅಷ್ಟೇ, ಬಿಟ್ರೂ ಅಷ್ಟೇ. ಒಂದರಿಂದ ಏನೂ ಬದಲಾಗಲ್ಲ ನೋಡು. ಎರಡೂ ಇರ್ಲಿ. ಒಂದು ಮಗು ಎರಡು ಕಡೆ ಇದೆ, ಇಬ್ಬರೂ ಹಾಗೇ ಹೇಳಿದ್ದಾರೆ ಅಂತ ಕೆಳಗೆ ನಾನೇ ಬರೆದು ಸಹಿ ಮಾಡ್ತೀನಿ. ಹೋಗು, ಚಹಾ ಕುಡಿ. ಮುಖ ನೋಡು ಹೆಂಗಾಗಿದೆ."

ಒಂದರಿಂದ ಏನೂ ಬದಲಾಗಲ್ಲ. ಬುರುಲ್ ಆ ಮಾತನ್ನು ಮೆಟ್ಟಿಲಿಳಿಯುತ್ತ ಹೇಳಿಕೊಂಡಳು, ರೊಟ್ಟಿ ಕೊಳ್ಳುತ್ತ ಹೇಳಿಕೊಂಡಳು. ಖುಷಿಪಡಬೇಕೋ ನೊಂದುಕೊಳ್ಳಬೇಕೋ ತಿಳಿಯಲಿಲ್ಲ. ಕೋಣೆಗೆ ಬಂದವಳೇ, ಭಾನುವಾರವಲ್ಲದಿದ್ದರೂ, ಮನೆಗೆ ಫೋನ್ ಮಾಡಿದಳು.

ಅನಾರ್‌ಕುಲ್ ಎತ್ತಿದಳು. "ಚೆನ್ನಾಗಿದ್ದೀಯಾ? ಇರು, ಅಮ್ಮನಿಗೆ ಕೊಡ್ತೀನಿ."

"ಬೇಡ. ನಿಮ್ಮ ಹತ್ರಾನೇ ಮಾತಾಡೋಣ ಅಂತ ಮಾಡ್ದೆ."

ಆ ತುದಿಯಲ್ಲಿ ಉಸಿರು ಮಾತ್ರ ಕೇಳಿಸಿತು. ಹತ್ತು ವರ್ಷ ಜನರನ್ನು ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವಳಿಗೆ ಒಂದು ಪ್ರಶ್ನೆಯೂ ನೆನಪಾಗಲಿಲ್ಲ. ಇನ್ನೊಬ್ಬಳು ಫೋನ್ ಇಟ್ಟುಬಿಡುತ್ತಾಳೇನೋ ಎಂದು ಇಬ್ಬರಿಗೂ ಭಯವಾಯಿತು. ಕೊನೆಗೆ ಬುರುಲ್, ರಾತ್ರಿ ಊಟಕ್ಕೆ ಏನು ಮಾಡುತ್ತಿದ್ದೀರಿ ಎಂದು ಕೇಳಿದಳು.